ಅಡ್ಡಿಲ್ಲ ಅಂದವಳ ಬಾಡಿಗೆ ಮನೆ

ಯಾರ ಕೊರಳಲ್ಲಿ ಎಷ್ಟು ಬಂಗಾರ ನೇತಾಡಿದರೂ ನನಗೆ ಹೊಟ್ಟೆಕಿಚ್ಚಾಗುವುದಿಲ್ಲ. ಯಾರ ಮಗ ಶಾಲೆಗೇ ಮೊದಲು ಬಂದರೂ ಮನಸಾರೆ ಪೇಢೆ ತಿಂದು ಬರುತ್ತೇನೆ. ಆದರೆ ನನಗೆ ಸಿಗಬೇಕಾದದ್ದು ಪಕ್ಕದವಳಿಗೆ ಸಿಕ್ಕಿತೋ, ಮುಗಿಯಿತು. ನನ್ನ ಹೊಟ್ಟೆಯ ಉರಿಗೆ ಯಾವ ಕಷಾಯವೂ ನಾಟುವುದಿಲ್ಲ. ಈ ಕಾಯಿಲೆಯ ಮೂಲ ನಮ್ಮ ಕಡೆಯ ಒಂದು ಮಾತು: ಅಡ್ಡಿಲ್ಲ. ಅಂಕೋಲೆಯವರಾದ ನಾವು ಚಹಾ ಚೆನ್ನಾಗಿದ್ದರೂ ಅಡ್ಡಿಲ್ಲ ಅನ್ನುತ್ತೇವೆ, ಕೆಟ್ಟಿದ್ದರೂ ಅಡ್ಡಿಲ್ಲ ಅನ್ನುತ್ತೇವೆ. ಹುಡುಗ ಒಪ್ಪಿಗೆಯೇ ಎಂದು ಅಪ್ಪ ಕೇಳಿದಾಗ ನಾನಂದದ್ದೂ ಅದನ್ನೇ. ಯಾವ ಅರ್ಥದಲ್ಲಿ ಅಂದೆ ಎಂದು ನಮ್ಮನೆಯವರು ಇವತ್ತಿಗೂ ವಿಚಾರಿಸುತ್ತಾರೆ.

ಮಿಸ್ಡ್ ಕಾಲ್ ಕೊಟ್ಟೇ ಸಂಸಾರ ನಡೆಸುತ್ತಿದ್ದ ಕಾಲವದು. ನನಗೆ ಕಾರವಾರದ ಶಾಲೆಗೆ ವರ್ಗವಾಯಿತು. ಅದೇ ಶಾಲೆಗೆ ಮೈಸೂರು ಕಡೆಯಿಂದ ವನಜಾಕ್ಷಿ ಎಂಬ ಟೀಚರೂ ಬಂದರು. ದತ್ತಾರಾಮ ಎನ್ನುವವರು ಕಟ್ಟಿಸುತ್ತಿದ್ದ ಹೊಸ ಮನೆಯ ಕೆಳಗಿನ ಭಾಗ ನನಗೆ, ಮೇಲಿನದು ಆಕೆಗೆ ಎಂದು ಮಾತಾಗಿ ಇಬ್ಬರೂ ಅಡ್ವಾನ್ಸ್ ಕೊಟ್ಟೆವು. ದಸರೆ ಮುಗಿದ ಮಾರನೇ ದಿನ ಕೀಲಿಕೈ ಕೊಡುತ್ತೇನೆಂದಿದ್ದರು. ನಾವು ಟ್ರಂಕು ಹಿಡಿದುಕೊಂಡು ಹೋದರೆ ಅಲ್ಲಿ ಬಾಗಿಲುವಾಡ ಇದೆ, ಬಾಗಿಲಿಲ್ಲ. ನನ್ನ ಪಡಸಾಲೆಯಲ್ಲಿ ಹೊಯ್ಗೆಯ, ಅಂದರೆ ಮರಳಿನ, ರಾಶಿ, ಅದರ ಮೇಲೆ ಯಾವ ಅಡ್ವಾನ್ಸನ್ನೂ ಕೊಡದ ಒಂದು ನಾಯಿ.

"ಅಕ್ಕೋರೆ," ಅಂದರು ದತ್ತಾರಾಮ. ನಮ್ಮಲ್ಲಿ ಟೀಚರೆಂದರೆ ಅಕ್ಕೋರು. "ಮನೆ ಕೆಲಸ ಹಿಡಿದ ಆಚಾರಿ ಮಾಜಾಳಿಯವ. ಗೋವೆಗೆ ಹೋಗಿ ಕೂತಿದಾನೆ. ಬರ್ತೆ ಹೇಳಿದಾನೆ. ಸ್ವಲ್ಪ ತಡ ಆದ್ರೆ ಅಡ್ಡಿಲ್ಲ ಅಲ್ವಾ?" ನನ್ನ ಬಾಯಿ ನನ್ನನ್ನು ಕೇಳದೆಯೇ "ಅಡ್ಡಿಲ್ಲ" ಅಂದುಬಿಟ್ಟಿತು. ವನಜಾಕ್ಷಿ ಮಾತ್ರ ಟ್ರಂಕಿನ ಮೇಲೆ ಕೂತರು. "ಅಡ್ಡಿ ಇದೆ ಕಣ್ರೀ! ಅಡ್ವಾನ್ಸ್ ಇಸ್ಕೊಳ್ಳೋವಾಗ ಆಚಾರಿ ಗೋವಾದಲ್ಲಿದ್ನಾ? ಮನೆ ಆಗೋವರೆಗೂ ನಾನೆಲ್ಲಿರಲಿ? ನಿಮ್ಮನೇಲೇ ಒಂದು ರೂಮು ಕೊಡಿ. ಬಾಡಿಗೆ ಮಾತ್ರ ಕೇಳ್ಬೇಡಿ." ಛೆ, ಎಂಥ ಹೆಂಗಸು ಎಂದು ಆಕೆಯ ಪರವಾಗಿ ನಾನೇ ನಾಚಿಕೊಂಡೆ. ಆ ಮನುಷ್ಯ ಕೊಟ್ಟೇಬಿಟ್ಟರು!

ಅಂದಿನಿಂದ ನನ್ನ ವನವಾಸ ಶುರುವಾಯಿತು. ಅಂಕೋಲೆಯ ಬೊಬ್ರುವಾಡದ ನಮ್ಮ ಮನೆಯಲ್ಲಿ ಕತ್ತಲಿರುವಾಗಲೇ ಎದ್ದು, ಬಸ್ಸಿನಲ್ಲಿ ಕಾರವಾರದ ಅಂಚಿನ ಬಿಣಗಾ ದಾಟುವ ತನಕ ನಿಂತು, ಮಧ್ಯಾಹ್ನ ಡಬ್ಬಿಯೊಳಗಿನ ತಣ್ಣನೆ ಅವಲಕ್ಕಿ ತಿನ್ನುವುದು. ಎದುರಿಗೆ ವನಜಾಕ್ಷಿ. ದತ್ತಾರಾಮರ ತಾಯಿ ಕಟ್ಟಿಕೊಟ್ಟ ಬಿಸಿ ಡಬ್ಬಿ. "ನೆನ್ನೆ ಅದೇನೋ ನೋಗ್ಲಿ ಮೀನಂತೆ, ರವೆ ಹಚ್ಚಿ ಹುರಿದಿದ್ರು. ಒಳ್ಳೇ ಬೆಣ್ಣೆ ಥರ! ನೀವು ತಿಂದಿದೀರಾ?" ಕೇಳುವುದು ಯಾರನ್ನು? ಹಲ್ಲು ಬರುವ ಮೊದಲೇ ಮೀನಿನ ಸಾರು ಚಪ್ಪರಿಸಿದವಳನ್ನು! ಮೈಸೂರಿನವಳು ಅಂಕೋಲೆಯವಳಿಗೆ ಮೀನಿನ ಪಾಠ ಹೇಳುವುದೆಂದರೆ ಏನು ಗತಿ? ಬರಬರುತ್ತ ಆಕೆಯ ಕೆನ್ನೆಯೂ ತುಂಬಿಕೊಂಡಿತು. ಅದನ್ನು ನೋಡಿ ನನ್ನ ಕೆನ್ನೆ ಇನ್ನಷ್ಟು ಒಳಗೆ ಹೋಯಿತು. "ಮನೆ ತಯಾರಿಲ್ಲ ಅಂದ್ರೆ ಬೇರೆ ವ್ಯವಸ್ಥೆ ಕೇಳು, ಇಲ್ಲಾ ಅಡ್ವಾನ್ಸ್ ವಾಪಸ್ ಕೇಳು. ಬಾಡಿಗೆದಾರರಿಗೂ ಹಕ್ಕು ಉಂಟು ಮಾರಾಯ್ತಿ," ಅಂದರು ನಮ್ಮನೆಯವರು. "ಆದ್ರೆ ನೀನು ಮೊದಲೇ ಅಡ್ಡಿಲ್ಲ ಅಂದು ಕೂತಿದೀಯಲ್ಲ!"

ಒಂದು ಶನಿವಾರ ತಡೆಯಲಾಗಲಿಲ್ಲ. ಶಾಲೆ ಬಿಟ್ಟು ಬಸ್ ನಿಲ್ದಾಣದ ತನಕ ಹೋದವಳು ಅಲ್ಲಿಂದ ತಿರುಗಿ ದತ್ತಾರಾಮರ ಮನೆಗೆ ನುಗ್ಗಿ, ಜಗಲಿಯಲ್ಲಿ ನಿಂತು ಒಂದೇ ಉಸಿರಿಗೆ ಹೇಳಿದೆ: "ನಂಗೂ ಅಡ್ಡಿ ಉಂಟು! ನಂಗೂ ನಿಮ್ಮ ಮನೇಲಿ ರೂಮು ಬೇಕು, ಊಟ ಬೇಕು. ಮನೆ ಆಗೂವರೆಗೂ ನಾನು ಇಲ್ಲಿಂದ ಏಳೂದಿಲ್ಲ!" ದತ್ತಾರಾಮರ ಮುಖ ಅರಳಿತು. "ಅಯ್ಯೋ ಅಕ್ಕೋರೆ, ಸರಿಯಾದ ಹೊತ್ತಿಗೆ ಬಂದ್ರಿ. ಆಚಾರಿ ಬಂದು ಕೆಳಗಿನದು ಅಗದಿ ಚೊಕ್ಕ ಮಾಡಿ ಮುಗ್ಸಿದ. ಮೇಲಿನದಕ್ಕೆ ಇನ್ನೂ ತಿಂಗಳು ಬೇಕು," ಎನ್ನುತ್ತ ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟರು. ಒಳಗಿಂದ ಕೈ ತೊಳೆದುಕೊಂಡು ಬಂದ ವನಜಾಕ್ಷಿ, "ನಿಮ್ದು ಅದೃಷ್ಟ ಬಿಡಿ, ನನ್ನ ಮನೆ ಇನ್ನೂ ಆಗಿಲ್ಲ," ಎಂದು ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರಿನಲ್ಲೂ ಹುರಿದ ಬಂಗಡೆಯ ಪರಿಮಳವಿತ್ತು.

ನಾನು ಕೀಲಿಕೈ ಹಿಡಿದು ನನ್ನ ಮನೆಗೆ ಹೋದೆ. ಪ್ರತಿ ಬಾಗಿಲನ್ನೂ ತೆರೆದು ಮುಚ್ಚಿದೆ, ಪ್ರತಿ ನಲ್ಲಿಯನ್ನೂ ತಿರುಗಿಸಿದೆ, ಗೋಡೆಗಳನ್ನು ಬೆರಳಿನಿಂದ ಕುಟ್ಟಿ ನೋಡಿದೆ. ಹಾಳಾದ ಆ ಆಚಾರಿ, ಜಗಳ ತೆಗೆಯಲು ಒಂದೇ ಒಂದು ಬಿರುಕನ್ನೂ ಉಳಿಸಿರಲಿಲ್ಲ.