ಕಿರ್ರೆನ್ನುವ ಚಪ್ಪಲಿ, ಅರಮನೆಯ ಅಗಸಿ

ಅರಸರು ಹೋದ ಮೇಲೆ ಅರಮನೆಯಲ್ಲಿ ಏನು ಉಳಿಯುತ್ತದೆ ಎಂದು ಯಾರಾದರೂ ಕೇಳಿದರೆ, ಬಾವಲಿ ಮತ್ತು ಬಡಿವಾರ ಎನ್ನುತ್ತೇನೆ. ಇವೆರಡೂ ಇರುವ ಕಡೆ ನಗುವ ಸಂಗತಿಗಳಿಗೆ ಎಂದೂ ಕೊರತೆಯಾಗುವುದಿಲ್ಲ.

ನಾನು ಎಪ್ಪತ್ತರ ದಶಕದಿಂದ ಎಂಬತ್ತರ ದಶಕದವರೆಗೆ ಒಂದು ಅರಮನೆಯ ತೋಟದಲ್ಲಿ ಮಾಲಿಯಾಗಿದ್ದೆ. ಶಿಗ್ಗಾಂವಿಯಿಂದ ಸವಣೂರಿಗೆ ಹೋಗುವ ಹಾದಿಯಿಂದ ಸ್ವಲ್ಪ ಒಳಗಿನ ಊರು. ಹೆಸರು ಬೇಡ, ಅಲ್ಲಿನ ಕೆಲವರಿಗೆ ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಹಿಂದೆ ಅದೊಂದು ಸಣ್ಣ ಸಂಸ್ಥಾನ. ಧಣಿಗಳ ಮನೆತನ ಪುಣೆ ಸೇರಿತ್ತು. ತೋಟವನ್ನು ಸರಕಾರ ವಹಿಸಿಕೊಂಡು ಜನರಿಗೆ ನೋಡಲು ಬಿಟ್ಟಿತ್ತು. ಅರಮನೆ ಮಾತ್ರ ಮನೆತನದ್ದೇ. ತೊಡಕು ಏನೆಂದರೆ ಎರಡಕ್ಕೂ ಇದ್ದದ್ದು ಒಂದೇ ಅಗಸಿ, ಆ ಹೆಬ್ಬಾಗಿಲಿಗೊಬ್ಬ ಕಾರಭಾರಿ. ಅರಸರು ಬಿಟ್ಟುಹೋದ ಠೀವಿಯನ್ನೆಲ್ಲ ಅವರೊಬ್ಬರೇ ಹೊತ್ತುಕೊಂಡಿದ್ದರು. ಒಳಗೆ ಹೋಗುವವರು ಚಪ್ಪಲಿಯನ್ನು ಅಗಸಿಯ ಹೊರಗೆ ಬಿಡಬೇಕು ಎಂಬುದು ಅವರ ಕಟ್ಟಳೆ. ನನಗೂ ಆ ಕಟ್ಟಳೆಗೂ ಮೊದಲ ದಿನವೇ ಜಗಳ ಹತ್ತಿತು.

ಎರಡನೆಯ ‘ಬರ್ರಿ’

ಕಾರಭಾರಿ ಅಗಸಿಯ ಕಟ್ಟೆಯ ಮೇಲೆ ಎಲೆಯಡಿಕೆ ಹಾಕುತ್ತ ಕೂತಿದ್ದರು. ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು.

“ಕಾಲಾಗಿನ್ವು ತಗಿ.”

“ಯಾಕ್ರಿ? ಒಳಗೆಲ್ಲಾ ನೆಗ್ಗಿಲಮುಳ್ಳು ಐತಿ.”

“ಹಿಂದಿನಿಂದ ಬಂದ ರಿವಾಜ ಅದು. ಯಾವ ಓಣ್ಯಾಂವ ನೀ?”

ಹೇಳಿದೆ.

“ಹಂಗಾರ ನಿನಗ ಬ್ಯಾರೆ ನಾ ಹೇಳಬೇಕೇನು?”

ಹೇಳುವುದು ಬೇಕಿರಲಿಲ್ಲ. ನಮ್ಮ ಓಣಿಯ ಹಿರಿಯರು ಅಗಸಿ ದೂರದಿಂದ ಕಣ್ಣಿಗೆ ಬಿದ್ದರೆ ಸಾಕು, ಅಲ್ಲಿಯೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿಯುತ್ತಿದ್ದರು. ಅದನ್ನು ನೋಡುತ್ತ ಬೆಳೆದ ನನಗೆ ಸಣ್ಣಂದಿನಿಂದಲೂ ಮೈಯುರಿ. “ತೋಟ ಸರಕಾರದ್ದೈತ್ರಿ” ಎಂದೆ. “ಅಗಸಿ ಸಂಸ್ಥಾನದ್ದೈತಿ” ಎಂದರು. ನಾನು ತೆಗೆಯಲಿಲ್ಲ, ಅವರು ಬಿಡಲಿಲ್ಲ. ಹೊರಗಿನ ಬೇವಿನ ಗಿಡದ ಕೆಳಗೆ ಕೂತುಬಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ತೋಟದ ಇಲಾಖೆಯ ನಮ್ಮ ಸಾಹೇಬರ ಜೀಪು ಬಂತು. ಸಾಹೇಬರು ಬೂಟು ಟಕಟಕ ಎನ್ನಿಸುತ್ತ ನೇರ ಒಳಗೆ ನಡೆದರು. ಅವರ ಬೆನ್ನಿಗೇ ನಾನೂ ಎದ್ದೆ.

“ಏ, ಚಪ್ಪಲಿ!” ಎಂದರು ಕಾರಭಾರಿ.

“ಮುಂದಿನವರದು ಮೊದಲ ತಗಸ್ರಿ. ಪಾಳಿ ಪ್ರಕಾರ ಹಿಂದ ನಂದು.”

ಸಾಹೇಬರು ತಿರುಗಿ, “ಏನಂತ?” ಎಂದು ಕೇಳಿದರು.

ಕಾರಭಾರಿ ಗಡಬಡಿಸಿ ಎದ್ದು, “ಏನಿಲ್ರಿ ಸಾಹೇಬ್ರ, ಬೂಟಿಗೆ ರಿವಾಜ ಇಲ್ರಿ. ಬರ್ರಿ, ಬರ್ರಿ” ಎಂದರು.

ಎರಡು ಸಲ ‘ಬರ್ರಿ’ ಎಂದರಲ್ಲ, ಎರಡನೆಯದು ನನಗೇ ಎಂದು ತಿಳಿದು ಒಳಗೆ ಹೋದೆ.

ಮಾತಾಡುವ ಚಪ್ಪಲಿ

ಸಂಜೆ ಮನೆ ಮುಟ್ಟುವಷ್ಟರಲ್ಲಿ ಸುದ್ದಿ ನನಗಿಂತ ಮೊದಲು ಬಂದು ಕೂತಿತ್ತು. “ಪುಣೇದಿಂದ ಬಾಯಿಸಾಹೇಬ್ರು ಬರ್ಲಿ, ಒಂದ ಮಾತಿನಾಗ ಅಂವನ ನೌಕರಿ ತಗಸ್ತೇನಿ” ಎಂದು ಕಾರಭಾರಿ ಊರ ತುಂಬ ಹೇಳಿದ್ದರು. ಬಾಯಿಸಾಹೇಬರು ಎಂದರೆ ಆ ಮನೆತನದ ಹಿರಿಯ ಸೊಸೆ. ಅವರ ಹೆಸರು ಹೇಳಿದರೆ ನಮ್ಮ ಸಾಹೇಬರೂ ಕುರ್ಚಿ ಬಿಟ್ಟು ಏಳುತ್ತಿದ್ದರು. ನನ್ನದೋ ನಮ್ಮ ಓಣಿಗೆ ಬಂದ ಮೊದಲ ಸರಕಾರಿ ನೌಕರಿ. ಸುಳ್ಳು ಯಾಕೆ ಹೇಳಲಿ, ಹೆದರಿಕೆಯಾಯಿತು.

ನಮ್ಮಪ್ಪ ಚಪ್ಪಲಿ ಮಾಡುವವ. ಸುತ್ತಿನ ಹಳ್ಳಿಗಳ ಕಾಲಲ್ಲೆಲ್ಲ ಅಪ್ಪನ ಕೈ ಇತ್ತು. ಹರೆಯದಲ್ಲಿ ದೊಡ್ಡ ಧಣಿಗೂ ಮಾಡಿಕೊಟ್ಟಿದ್ದ. ಅಗಸಿಯ ಹೊರಗೆ ನಿಂತು ಕೂಗಿದರೆ ಆಳು ಬಂದು ಒಯ್ಯುತ್ತಿದ್ದನಂತೆ. ಚಪ್ಪಲಿ ಒಳಗೆ ಹೋಗುತ್ತಿತ್ತು, ಮಾಡಿದವನು ಹೊರಗಿನಿಂದಲೇ ತಿರುಗಿ ಬರುತ್ತಿದ್ದ. “ಆ ಧಣಿ ಹೊರಗ ಅಡ್ಯಾಡಿದ್ದ ಯಾರೂ ನೋಡಿಲ್ಲ, ಆದ್ರೂ ತಿಂಗಳಿಗೊಂದ ಹೊಸಾ ಜೋಡ ಬೇಕಂತ ಹೇಳಿ ಕಳಸ್ತಿದ್ದ. ಅದೆಂಥಾ ಕಾಲೋ ಏನೋ” ಎಂದು ಅಪ್ಪ ಆಗಾಗ ಸೋಜಿಗಪಡುತ್ತಿದ್ದ.

“ನಾಳೆ ತಗೀಲೇನಪ?” ಎಂದು ಕೇಳಿದೆ.

ಅಪ್ಪ ತೊಗಲು ಕೊಯ್ಯುವ ರಂಪಿಗೆ ಕೆಳಗಿಟ್ಟು, ಗೋಡೆಯ ಮೇಲಿದ್ದ ಬುದ್ಧನ ಪಟದ ಕಡೆ ನೋಡಿದ. “ಅರಮನಿ ಬ್ಯಾಡಂತ ಬಿಟ್ಟು ಹೋದಾಂವನ ಪಟಾ ಮನ್ಯಾಗ ಇಟ್ಕೊಂಡೇವಿ. ಮತ್ತ ಅರಮನಿ ಬಾಗಲಿಗೆ ಬಗ್ಗೂದ ಯಾಕ? ತಾ ಇಲ್ಲೆ ಚಪ್ಪಲಿ.”

ಹೊಲಿಗೆ ಬಿಚ್ಚಿ, ಎರಡು ಪದರಿನ ನಡುವೆ ಒಣಗಿದ ಬೀಜಗಳನ್ನು ಸೇರಿಸಿ ಮತ್ತೆ ಹೊಲಿದ. ಹರಳೆಣ್ಣೆ ತಿಕ್ಕಿದ. ಹಾಗೆ ಮಾಡಿದರೆ ಹೆಜ್ಜೆಗೊಮ್ಮೆ ಕಿರ್ರ್ ಎನ್ನುತ್ತದೆ. ಅದು ಅಪ್ಪನ ಕೈಗುಣ, ಹಬ್ಬಕ್ಕೆ ಹೊಸ ಚಪ್ಪಲಿ ಕೊಳ್ಳುವವರು ಕೇಳಿ ಮಾಡಿಸುತ್ತಿದ್ದರು.

ಮರುದಿನ ಅಗಸಿಯಲ್ಲಿ ಕಿರ್ರ್, ಕಿರ್ರ್. ಕಾರಭಾರಿಯ ಬಾಯಿಯ ಎಲೆಯಡಿಕೆ ಹೊರಬಿತ್ತು. “ಏನೋ ಅದು? ಅರಮನಿ ಮುಂದ ಎದುರು ಮಾತಾಡ್ತೀ?”

“ನಾ ಸುಮ್ಮನ ಇದ್ದೇನ್ರಿ. ಚಪ್ಪಲಿ ಮಾತಾಡಾಕತ್ತಾವು.”

ಹಿರೇಕೆರೂರಿನ ಅವ್ವ

ರವಿವಾರ ಬಂತೆಂದರೆ ತೋಟ ನೋಡಲು ಟ್ರ್ಯಾಕ್ಟರುಗಟ್ಟಲೆ ಜನ. ಒಮ್ಮೆ ಹಿರೇಕೆರೂರಿನ ಕಡೆಯಿಂದ ಒಂದು ದಂಡು ಬಂತು. ಅದರಲ್ಲಿ ಕಚ್ಚೆ ಬಿಗಿದ ಮುದುಕಿಯೊಬ್ಬಳು, ಮಾತು ಜೋರು.

“ಅವ್ವ, ಚಪ್ಪಲಿ ಇಲ್ಲೆ ಬಿಡು” ಎಂದರು ಕಾರಭಾರಿ.

“ಬಿಡ್ತೇನಪ. ಕಳುವಾದ್ರ?”

“ನಾ ಇಲ್ಲೇ ಕುಂತೇನಲ್ಲ!”

ಅವಳು ತೋಟವೆಲ್ಲ ಅಡ್ಡಾಡಿ, ನವಿಲು ನೋಡಿ, ಅರಮನೆಯ ಕಂಬಗಳನ್ನು ಅಪ್ಪಿಕೊಂಡು ಅಳತೆ ನೋಡಿ, ತಿರುಗಿ ಬಂದಳು. ಚಪ್ಪಲಿ ಬಿಟ್ಟಲ್ಲೇ ಇದ್ದವು. ಬಹಳ ಖುಷಿಯಾಗಿ ಸೀರೆಯ ಸೆರಗಿನ ಗಂಟು ಬಿಚ್ಚಿ ಒಂದು ನಾಣ್ಯ ತೆಗೆದು ಕಾರಭಾರಿಯ ಅಂಗೈಯಲ್ಲಿಟ್ಟಳು.

ಕಾರಭಾರಿ ಉರಿದೆದ್ದರು. “ಏನಂತ ತಿಳದೀ ನನ್ನ? ನಾ ಈ ಸಂಸ್ಥಾನದ ಕಾರಭಾರಿ!”

“ಅಲ್ಲಂದವರ್‍ಯಾರಪ? ಭಾಳ ಚೊಲೊ ಕಾದಿ. ನಮ್ಮೂರ ಗುಡಿ ಮುಂದ ಚಪ್ಪಲಿ ಕಾಯಾಂವ ಅರ್ಧಾ ದಿನಾ ನಿದ್ದಿ ಹೊಡೀತಾನ.”

ಅಂದಿನಿಂದ ಊರ ಹುಡುಗರು ಅವರನ್ನು ಹಿಂದಿನಿಂದ ಚಪ್ಪಲಿ ಕಾರಭಾರಿ ಎಂದು ಕರೆಯತೊಡಗಿದರು. ಆ ಹೆಸರು ನಾನಿಟ್ಟದ್ದು ಎಂದು ಅವರು ಕೊನೆಯವರೆಗೂ ನಂಬಿದ್ದರು. ನನಗೂ ಅಲ್ಲ ಎನ್ನುವ ಮನಸ್ಸಾಗಲಿಲ್ಲ.

ಕಬ್ಬಿಣದ ಚಪ್ಪಲಿ

ಕಾರಭಾರಿ ಅರಮನೆಯ ಹಿತ್ತಿಲಲ್ಲಿ ಸ್ವಂತಕ್ಕೆ ಮಲ್ಲಿಗೆ ಹಚ್ಚಿದ್ದರು. ಅದಕ್ಕೆ ಗೊಬ್ಬರ ತುಂಬಿದ ಅವರದೇ ಚಕ್ಕಡಿ ಒಂದು ದಿನ ಅಗಸಿಗೆ ಬಂತು. ನಾನು ಮುಂದೆ ಹೋಗಿ ಎತ್ತುಗಳನ್ನು ತಡೆದು ನಿಲ್ಲಿಸಿದೆ.

“ಯಾಕ ನಿಲ್ಲಿಸಿದಿ?”

“ಇವಕ್ಕ ಲಾಳ ಬಡದೀರಿ. ಕಬ್ಬಿಣದ ಚಪ್ಪಲಿ. ಇಲ್ಲೇ ತಗಿಸ್ತೀರೋ, ಮನ್ಯಾಗ ತಗಿಸಿ ತರ್ತೀರೋ?”

“ಅವು ಎತ್ತಲೇ!”

“ಹೌದ್ರಿ, ರಿವಾಜ ಅವಕ್ಕ ತಿಳಿಯೂದಿಲ್ಲ. ಅದಕ್ಕ ನಿಮಗ ಹೇಳಾಕತ್ತೇನಿ.”

ಗೊಬ್ಬರದ ವಾಸನೆಗೆ ಮೂಗು ಮುಚ್ಚಿಕೊಂಡು ಪ್ರವಾಸಿಗರೆಲ್ಲ ಸುತ್ತ ನಿಂತರು. ಎತ್ತುಗಳು ಒಳಗೆ ಹೋದವು. ಅವುಗಳ ಹಿಂದೆ ಆ ದಿನ ಬಂದ ಜನವೆಲ್ಲ ಚಪ್ಪಲಿ ಹಾಕಿಕೊಂಡೇ ಒಳಗೆ ಹೋಯಿತು. ಕಾರಭಾರಿ ಮಾಮೂಲಿನಂತೆ, “ಬಾಯಿಸಾಹೇಬ್ರು ಬರ್ಲಿ” ಎಂದರು.

ಸಣ್ಣ ಧಣಿಯ ಸಮಾಧಿ

ತೋಟದ ಮೂಲೆಯಲ್ಲಿ ಸಂಪಿಗೆ ಗಿಡದ ಕೆಳಗೆ ಒಂದು ಮೊಳದುದ್ದದ ಹಾಲುಗಲ್ಲಿನ ಸಮಾಧಿ ಇತ್ತು. ಮೇಲಿನ ಅಕ್ಷರ ಅಳಿಸಿಹೋಗಿತ್ತು. “ಇದು ಸಣ್ಣ ಧಣಿಯವರದು, ಕೂಸಿದ್ದಾಗ ತೀರ್ಕೊಂಡ್ರು” ಎಂದು ಕಾರಭಾರಿ ಬಂದವರಿಗೆಲ್ಲ ದನಿ ತಗ್ಗಿಸಿ ಹೇಳುತ್ತಿದ್ದರು. ದಿನಾ ಒಂದು ಹೂವಿಡಲು ನನಗೂ ಹೇಳಿದ್ದರು. ನಾನು ಇಡುತ್ತಿದ್ದೆ. ಕೂಸಿನ ಮೇಲೆ ನನಗೇನು ಸಿಟ್ಟು?

ಹಾನಗಲ್ಲಿನ ಗಂಡಹೆಂಡತಿ ಒಮ್ಮೆ ಎಳೆಗೂಸನ್ನು ಎತ್ತಿಕೊಂಡು ಬಂದಿದ್ದರು. ಕಾಯಿ ಒಡೆದರು, ಊದಿನಕಡ್ಡಿ ಹಚ್ಚಿದರು, ಕೂಸಿನ ಹಣೆಯನ್ನು ಕಲ್ಲಿಗೆ ತಾಗಿಸಿದರು. “ಅವರ ಗುಣಾ ಎಲ್ಲಾ ನಮ್ಮ ಕೂಸಿಗೆ ಬರ್ಲಿ” ಎಂದು ತಾಯಿ ಬೇಡಿಕೊಂಡಳು. ಕಾರಭಾರಿ ಕಣ್ಣು ಒರೆಸಿಕೊಂಡು, “ಬಂದ ಬರ್ತಾವ” ಎಂದು ಹರಸಿ, ಕಾಯಿಯ ಅರ್ಧ ಹೋಳು ಮನೆಗೆ ಒಯ್ದರು.

ಬಾಯಿಸಾಹೇಬರು ಬಂದರು

ಎಂಬತ್ತರ ದಶಕದ ಒಂದು ಚಳಿಗಾಲ ಬಾಯಿಸಾಹೇಬರು ಖರೇನೇ ಬಂದರು. ನಮ್ಮ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು, “ಇವತ್ತೊಂದ ದಿನಾ ತಗಿಯೋ ಮಾರಾಯ, ನಾ ಏನೂ ಮಾಡಾಕ ಬರೂದಿಲ್ಲ” ಎಂದು ಬೇಡಿಕೊಂಡರು. ಅಗಸಿಯ ಎರಡೂ ಬದಿ ಜನ ಬರಿಗಾಲಲ್ಲಿ ಸಾಲಾಗಿ ನಿಂತಿತ್ತು. ಮನೆಯಲ್ಲಿ ಹೆಂಡತಿ ಮಕ್ಕಳು, ಬೇರೆ ನೌಕರಿ ಯಾರು ಕೊಡುತ್ತಾರೆ? ಆದರೂ ಕೈ ಕಾಲಿನ ಕಡೆ ಬಗ್ಗಲಿಲ್ಲ.

ಕಾರಿನಿಂದ ಇಳಿದವರು ಬೆಳ್ಳಿಗೂದಲಿನ ತೆಳ್ಳನೆ ಮುದುಕಿ. ಕೈಯಲ್ಲಿ ಕೋಲು, ಕಚ್ಚೆ ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು. ಅವರು ಒಳಗೆ ಹೋದರು, ತೋಟ ತೋರಿಸಲು ನಾನು ಹಿಂದೆ ಹೊರಟೆ. ಕಿರ್ರ್, ಕಿರ್ರ್.

ಬಾಯಿಸಾಹೇಬರು ಗಕ್ಕನೆ ನಿಂತರು. “ಅಗಬಾಯಿ! ಆ ಸಪ್ಪಳ ಯಾರದು?”

ಕಾರಭಾರಿ ಇಷ್ಟು ವರ್ಷ ಕಾದ ಗಳಿಗೆ ಅದು. “ಇಂವನ್ರಿ! ಬಂದಾಗಿನಿಂದ ಒಂದ ದಿನಾ ಚಪ್ಪಲಿ ತಗದಿಲ್ರಿ. ರಿವಾಜಂದ್ರ ಕಿಮ್ಮತ್ತಿಲ್ಲ ಇಂವಗ.”

“ಯಾರು ಮಾಡ್ಯಾರ ಈ ಚಪ್ಪಲಿ?” ಎಂದು ಬಾಯಿಸಾಹೇಬರು ನನ್ನನ್ನು ಕೇಳಿದರು.

“ನಮ್ಮಪ್ಪ ಮಾಡ್ಯಾನ್ರಿ. ನೌಕರಿ ಬಿಡು ಅಂದ್ರ ಬಿಡ್ತೇನಿ, ಇವನ್ನ ಬಿಡೂದಿಲ್ರಿ.”

ಅವರು ನನ್ನ ಕಾಲು ನೋಡಿದರು, ಮುಖ ನೋಡಿದರು, ಆಮೇಲೆ ಕೋಲು ಊರಿ ನಿಂತಲ್ಲೇ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ನಮ್ಮ ಮಾವನವರದೊಂದು ನಾಯಿ ಇತ್ತು” ಎಂದರು. “ಈ ಸಪ್ಪಳ ಕೇಳಿತಂದ್ರ ಮಾಳಿಗಿ ಮ್ಯಾಲಿದ್ರೂ ಹಾರಿ ಬರ್ತಿತ್ತು. ನಿಮ್ಮಪ್ಪ ಮಾಡಿದ ಚಪ್ಪಲಿ ಸಿಕ್ಕರ ಮುಗೀತು, ಬಾರ ಸುದ್ಧಾ ಉಳಸ್ತಿರಲಿಲ್ಲ. ಬ್ಯಾರೆಯವರು ಮಾಡಿದ್ದು ಮೂಸಿ ಬಿಡ್ತಿತ್ತು. ಬೂಟಿನ ಪಾಲಿಶ್ ವಾಸನಿ ಅದಕ್ಕ ಸೇರ್ತಿರಲಿಲ್ಲ. ಮಾವನವರಿಗೆ ಹೊಸಾ ಜೋಡ ತರಿಸಿ ತರಿಸಿ ಸಾಕಾತು. ಬಂದ ಮಂದಿನೂ ಬರಿಗಾಲಿಲೆ ತಿರುಗಿ ಹೋಗಾಕತ್ತಿದ್ರು. ಅದಕ್ಕ ಈ ಕಾರಭಾರಿ ಅಪ್ಪನ್ನ ಅಗಸ್ಯಾಗ ಕೂಡಿಸಿ, ಚಪ್ಪಲಿ ಹೊರಗ ಇಡಸು, ನಾಯಿ ಬಾಯಿಗೆ ಸಿಗಬಾರದು ಅಂತ ಹೇಳಿದ್ರು.” ಅವರು ಕಾರಭಾರಿಯ ಕಡೆ ತಿರುಗಿದರು. “ನಾಯಿ ಸತ್ತು ನನ್ನ ಕೂದಲಾ ಬೆಳ್ಳಗಾತು. ನೀ ಇನ್ನೂ ಕಾಯಾಕತ್ತೀಯೇನೋ?”

ಬಾಯಿಸಾಹೇಬರು ನಗುತ್ತಲೇ ಸಂಪಿಗೆ ಗಿಡದತ್ತ ನಡೆದು, ಅಲ್ಲಿದ್ದ ಹೂವು, ಕಾಯಿಯ ಕರಟ ನೋಡಿ ಬೆರಗಾದರು. “ಇದ ಅಲ್ಲೇನು ಆ ನಾಯಿನ್ನ ಹೂಳಿದ ಜಾಗಾ? ಕಾಯಿ ಯಾರು ಒಡದ್ರು?”

ನನಗೆ ಹಾನಗಲ್ಲಿನ ಆ ಕೂಸು ನೆನಪಾಯಿತು. ಈಗ ಬೆಳೆದು ಶಾಲೆಗೆ ಹೋಗುತ್ತಿರಬೇಕು. ಚಪ್ಪಲಿ ಕಂಡರೆ ಏನು ಮಾಡುತ್ತದೋ ಗೊತ್ತಿಲ್ಲ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಬರೀ ನಕ್ಕು ಬಿಟ್ಟರೆ ನಮ್ಮ ಹಿರಿಯರಿಗೆ ಮೋಸ ಮಾಡಿದಂತೆ ಅನ್ನಿಸಿತು. “ಬಾಯಿಸಾಹೇಬ್ರ, ನಾಯಿ ಮಾತು ಖರೆ ಇರಬೇಕ್ರಿ. ಆದ್ರ ನಮ್ಮ ಓಣ್ಯಾವರು ಅಷ್ಟ ದೂರದಿಂದನ ಚಪ್ಪಲಿ ಕೈಯಾಗ ಹಿಡೀತಿದ್ದದ್ದು ನಾಯಿಗೆ ಹೆದರಿ ಅಲ್ರಿ” ಎಂದೆ.

ಅವರ ನಗು ನಿಂತಿತು. “ಅದೂ ಖರೆ” ಎಂದರು. “ನಿಮ್ಮಪ್ಪ ಅದಾನೇನು? ನಾಳೆ ಕರ್ಕೊಂಡು ಬಾ. ಇದ ಅಗಸ್ಯಾಗಿಂದ, ಚಪ್ಪಲಿ ಹಾಕ್ಕೊಂಡ ಬರ್ಲಿ.”

ಸಂಜೆ ಅಪ್ಪನಿಗೆ ಎಲ್ಲ ಹೇಳಿದೆ. ಅವನು ನಗಲಿಲ್ಲ. “ಅದಕ್ಕ ತಿಂಗಳಿಗೊಂದ ಜೋಡ ಬೇಕಾಗ್ತಿತ್ತು ಹಂಗಾರ” ಎಂದಷ್ಟೇ ಹೇಳಿ, ಹೊಸ ಜೋಡಿಗೆ ಹರಳೆಣ್ಣೆ ತಿಕ್ಕತೊಡಗಿದ.

ಮರುದಿನ ಅಪ್ಪ ಹುಟ್ಟಿದ ಮೇಲೆ ಮೊದಲ ಸಲ ಆ ಅಗಸಿಯನ್ನು ದಾಟಿದ. ಬೇಕೆಂದೇ ನಿಧಾನವಾಗಿ, ಒಂದೊಂದು ಹೆಜ್ಜೆಯೂ ಊರಿಗೆ ಕೇಳುವಂತೆ ಊರಿ ನಡೆದ. ಕಾರಭಾರಿ ಮುಖ ಆಚೆ ಮಾಡಿ ಕೂತಿದ್ದರು. ಅರಮನೆಯ ಮೆಟ್ಟಿಲ ಮೇಲೆ ಬಾಯಿಸಾಹೇಬರು ಕಾಯುತ್ತಿದ್ದರು. ಅಪ್ಪ ಅತ್ತ ಹೋಗಲಿಲ್ಲ. ಮೊದಲು ನೇರ ಸಂಪಿಗೆ ಗಿಡದ ಹತ್ತಿರ ಹೋಗಿ, ಆ ಸಣ್ಣ ಸಮಾಧಿಯ ಮುಂದೆ ನಿಂತು, ಎರಡೂ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟ.

ಕಾರಭಾರಿಗೆ ತಡೆಯಲಾಗಲಿಲ್ಲ, ಓಡಿ ಬಂದರು. “ಅರಮನಿ ಮುಂದ ತಗೀಲಿಲ್ಲ, ಅಗಸ್ಯಾಗ ತಗೀಲಿಲ್ಲ. ನಾಯಿ ಮುಂದ ಯಾಕ ತಗದಿಯೋ?”

ಅಪ್ಪ ಕೈ ಮುಗಿದುಕೊಂಡೇ ಹೇಳಿದ: “ಇಷ್ಟ ದೊಡ್ಡ ಅರಮನ್ಯಾಗ ನನ್ನ ಕೆಲಸದ ಕಿಮ್ಮತ್ತು ತಿಳದಾಂವ ಇಂವೊಬ್ಬನ ನೋಡ್ರಿ.”