ಪಾಟಾ ನೋಡಿ ಹೆಣ್ಣು ಕೊಟ್ಟ ಮಾಮಾ

ನನ್ನ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ. ಆದರೆ ಒಂದು ಜೀಪಿನ ಹೊಟ್ಟೆಯನ್ನು ಒಮ್ಮೆ ನೋಡಿದನೆಂದರೆ ಮುಗಿಯಿತು, ಜನ್ಮದಲ್ಲಿ ಮರೆಯುತ್ತಿರಲಿಲ್ಲ! ಬೇಡಕಿಹಾಳದ ಓಣಿಯಲ್ಲಿ ಯಾರಾದರೂ "ಆರಾಮೇನ್ರಿ?" ಎಂದರೆ ಮಿಕಿಮಿಕಿ ನೋಡುವನು. ಅವರು ಅತ್ತ ಹೋದ ಮೇಲೆ ಮಾಮಿ, "ನಿಮ್ಮ ಖಾಸಾ ಬೀಗ್ರು ಅವರು" ಎಂದು ತಿಳಿಸಬೇಕು. "ಹಾಂ ಹಾಂ, ಮುಂದಿನ ಬಲಗಡೆ ಪಾಟಾ ಸೀಳಿದ ಗಾಡಿಯವ್ರು!" ಆಗ ಗುರುತು ಹತ್ತುವುದು.

ಪಾಟಾ ಅಂದರೆ ಗೊತ್ತಲ್ಲ? ಗಾಲಿಗೂ ಗಾಡಿಯ ಮೈಗೂ ನಡುವೆ ಒಂದರ ಮೇಲೊಂದು ಪೇರಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ತಗ್ಗು ಬಂದಾಗ ಏಟನ್ನು ತಾವು ತಿಂದು ನಮ್ಮನ್ನು ಉಳಿಸುವಂಥವು. ಎಂಬತ್ತರ ದಶಕದ ನಮ್ಮ ಹೊಲದ ದಾರಿಯಲ್ಲಿ ಕಬ್ಬಿನ ಗಾಡಿಗಳು ಕೊರೆದ ಜಾಡು ಎಷ್ಟು ಆಳವೆಂದರೆ, ನಡುವಿನ ದಿಬ್ಬ ಜೀಪಿನ ಹೊಟ್ಟೆಗೆ ತಾಗುತ್ತಿತ್ತು. ಒಂದೇ ಮಳೆಗಾಲದಲ್ಲಿ ಮಾಮಾನ ಜೀಪಿನ ಪಾಟಾ ಎರಡು ಸಲ ಮುರಿಯಿತು. ಮೂರನೆಯ ಸಲ ಅವನು ಅಂಗಡಿಗೆ ಹೋಗಲಿಲ್ಲ. ನಿಪ್ಪಾಣಿಯ ಒಬ್ಬ ಕಮ್ಮಾರನ ಎದುರು ಮೂರು ದಿನ ಪಟ್ಟು ಹಿಡಿದು ಕೂತು, ಲಾರಿಯ ಹಳೆಯ ಪಾಟಾ ಕಾಸಿ ಬಡಿಸಿ, ತನಗೆ ಬೇಕಾದಂತೆ ಬಾಗಿಸಿ ತಂದು ಹಾಕಿಸಿದ. ಜೀಪು ಒಂದು ಗೇಣು ಎದ್ದು ನಿಂತಿತು.

"ಈಗ ಕೆಳಗ ಕುರಿ ಹಾದ್ರೂ ಬೆನ್ನ ತಾಗೂದಿಲ್ಲ!" ಎಂದು ಓಣಿಗೆಲ್ಲ ಕೇಳುವಂತೆ ಸಾರಿದ.

ಮಾಮಿ ಸೀರೆಯ ನಿರಿಗೆ ಹಿಡಿದುಕೊಂಡು ಜೀಪನ್ನು ಕೆಳಗಿಂದ ಮೇಲೆ ನೋಡಿದಳು. "ಕುರೀ ಚಿಂತಿ ಮಾಡಿದ್ರಿ, ಚಲೋ ಆತು. ಹೆಂಡತಿ ಹ್ಯಾಂಗ ಹತ್ತಬೇಕಂತ ಮಾಡೀರಿ?"

ಆ ಪಾಟಾಕ್ಕೆ ಬಾಗುವುದೆಂದರೆ ಅಲರ್ಜಿ! ಒಮ್ಮೆ ಚಿಕ್ಕೋಡಿಯ ನೆಂಟರಿಗೆಂದು ಮಾಮಿ ಗಡಿಗೆ ತುಂಬ ಗಟ್ಟಿ ಮೊಸರು ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಹೊರಟಳು. ಇಳಿದು ನೋಡಿದರೆ ತಿಳಿ ಮಜ್ಜಿಗೆ, ಅದರಲ್ಲಿ ತೇಲುವ ಬೆಣ್ಣೆಯ ಮುದ್ದೆ! ಮಾಮಾ ಆಗಲೇ ಗಾಡಿಯ ಕೆಳಗೆ ತೂರಿದ್ದ. "ನೋಡ್ರಿ, ಒಂದ ಪಟ್ಟಿನೂ ಅಳ್ಳಾಡಿಲ್ಲ!"

"ಹೌದ್ರಿ, ಪಟ್ಟಿ ಅಳ್ಳಾಡಿಲ್ಲ. ಹೊರಗ ಬಂದು ನಮ್ಮ ಹಲ್ಲ ಒಮ್ಮಿ ಎಣಿಸ್ರಿ" ಎಂದಳು ಮಾಮಿ.

ತಗ್ಗು ಕಂಡರೆ ಬ್ರೇಕು ಹಾಕುವ ಜಾತಿಯಲ್ಲ ಅವನದು. "ತಗ್ಗಿಗೆ ಅಂಜಿದ್ರ ಪಾಟಾಕ್ಕ ಅವಮಾನ" ಎನ್ನುವನು. ನಮ್ಮ ತಲೆ ಮೇಲಿನ ಸರಳಿಗೆ ಬಡಿದರೆ ಅದು ತಲೆಯ ತಪ್ಪು!

ಇದೆಲ್ಲ ನಗುವ ಮಾತಾಗಿತ್ತು, ನನ್ನ ಮದುವೆಯ ಮಾತು ಏಳುವವರೆಗೆ. ನಾನು ಸಣ್ಣವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದರಿಂದ ಅವ್ವ, ನಾನು ಮಾಮಾನ ಮನೆಯಲ್ಲೇ ಇದ್ದೆವು. ಹಾಗಾಗಿ ವರನ ಮನೆ ನೋಡಿ ಬರುವ ಹೊಣೆ ಅವನದೇ. ರಾಯಬಾಗದ ಕಡೆಯ ಹುಡುಗನೊಬ್ಬ ನನ್ನನ್ನು ನೋಡಿ ಒಪ್ಪಿ ಹೋಗಿದ್ದ. ಮಾಮಾ ಅವರ ಮನೆ ನೋಡಲು ಹೋದ. ದೊಡ್ಡ ಮನೆ, ಅಂಗಳದಲ್ಲಿ ಫಳಫಳ ಹೊಳೆಯುವ ಜೀಪು. ಶಿರಾ ಬಂತು, ಚಹಾ ಬಂತು, ಮಾಮಾ ಎಲ್ಲಿ? ಜೀಪಿನ ಕೆಳಗಿಂದ ಎರಡು ಪಾದ ಮಾತ್ರ ಕಾಣುತ್ತಿದ್ದವಂತೆ! "ಯಜಮಾನ್ರಿಗೆ ಚಕ್ಕರ ಬಂತೇನ್ರಿ?" ಎಂದು ಬೀಗರು ನೀರಿನ ತಂಬಿಗೆ ಹಿಡಿದು ಓಡಿದರಂತೆ.

ಮನೆಗೆ ಬಂದವನೇ, "ಈ ಸಂಬಂಧ ಬ್ಯಾಡ" ಎಂದ.

ಅವ್ವನಿಗೆ ಸಿಟ್ಟು ನೆತ್ತಿಗೇರಿತು. "ಯಾಕೋ ಅಣ್ಣಾ? ಹುಡುಗಗ ಏನ ಕಮ್ಮಿ ಆಗೇತಿ?"

"ಅವರ ಗಾಡಿ ಪಾಟಾ ಸೀಳೈತಿ. ಸೀಳಲಿ, ಉಕ್ಕು ಅಂದಮ್ಯಾಲ ಸೀಳತೈತಿ. ಆದ್ರ ಸೀಳಿದ್ದರ ಮ್ಯಾಲ ಕರೀ ಬಣ್ಣ ಹಚ್ಚಿ ಮುಚ್ಚ್ಯಾರ. ನಾಳೆ ನಮ್ಮ ಹುಡುಗಿಗೆ ಏನರ ಆದ್ರ ಅದನ್ನೂ ಹಿಂಗ ಮುಚ್ಚತಾರ."

ಅವ್ವ ಬಾಯಿ ಮುಚ್ಚಿದಳು. ಊರು ಮುಚ್ಚಲಿಲ್ಲ, ಬಿದ್ದು ಬಿದ್ದು ನಕ್ಕಿತು. ನಾನೂ ಮೂರು ದಿನ ಮಾಮಾನ ಜೊತೆ ಮಾತು ಬಿಟ್ಟೆ. ಸಿಟ್ಟು ಬಾರದೆ ಇರುತ್ತದೆಯೇ? ಲೋಕದಲ್ಲಿ ಜಾತಕ ಕೂಡದೆ ಮದುವೆ ತಪ್ಪುತ್ತವೆ, ನನ್ನದು ತಪ್ಪಿದ್ದು ಕಬ್ಬಿಣ ಕೂಡದೆ!

ಮುಂದಿನ ಸಂಬಂಧ ಐಗಳಿಯದು, ದ್ರಾಕ್ಷಿ ತೋಟದವರು. ಈ ಸಲದ ಹುಡುಗ ನನಗೂ ಹಿಡಿಸಿದ್ದ, ಹಾಗಾಗಿ ಅವರ ಗಾಡಿಯದೇ ಚಿಂತೆ. ಅವರ ಜೀಪೋ, ಒಂದು ದೀಪವಿಲ್ಲದ, ಧೂಳು ಮೆತ್ತಿದ ಮುದುಕ! ಈ ಸಲ ಜೊತೆಗೆ ಹೋಗಿದ್ದ ಅವ್ವ ಚಹಾ ಕುಡಿದು ಹೊರಗೆ ಬಂದು ನೋಡುತ್ತಾಳೆ, ಗಾಡಿಯ ಕೆಳಗೆ ಎರಡಲ್ಲ, ನಾಲ್ಕು ಪಾದ! ಹುಡುಗನೂ ಮಾಮಾನ ಪಕ್ಕ ಮಲಗಿದ್ದ.

"ಇದನ್ನ ಯಾರು ಕಟ್ಟ್ಯಾರ?" ಕೆಳಗಿನಿಂದ ಮಾಮಾನ ದನಿ.

"ನಾನ ಕಟ್ಟೇನ್ರಿ. ಒಂದ ಪಟ್ಟಿ ಮುರದೈತ್ರಿ, ಬ್ಯಾರೇದು ಸಿಗೂತನಕ ಕ್ಲ್ಯಾಂಪ್ ಹಾಕೇನಿ. ನೀವು ಹತ್ತೂದಾದ್ರ ಮೊದಲ ಹೇಳಬೇಕಂತಿದ್ದೆ."

ಮಾಮಾ ಹೊರಗೆ ಬಂದು, ಮೈಗೆ ಹತ್ತಿದ ಗ್ರೀಸನ್ನೂ ಒರೆಸಿಕೊಳ್ಳದೆ ಮಾತು ಕೊಟ್ಟುಬಿಟ್ಟ. ಆ ಇನ್ನೆರಡು ಪಾದಗಳೇ ಇಂದಿಗೂ ನನ್ನ ಮನೆಯ ಹೊಸ್ತಿಲು ತುಳಿಯುತ್ತಿವೆ. ಇಷ್ಟು ವರ್ಷಗಳಲ್ಲಿ ನನ್ನವರು ತಮ್ಮ ಒಂದು ತಪ್ಪಿಗೂ ಬಣ್ಣ ಹಚ್ಚಿದ್ದಿಲ್ಲ. ತಪ್ಪು ಕಡಿಮೆ ಮಾಡಿದ್ದಾರೆ ಎಂದು ಮಾತ್ರ ನಾನು ಹೇಳಲಾರೆ!

ಮದುವೆಯಾಗಿ ಗಂಡನ ಮನೆಗೆ ಹೊರಟ ದಿನ ನನ್ನನ್ನು ಕರೆದೊಯ್ದವನೂ ಮಾಮಾನೇ. ನಾನು ಮುಂದೆ ಅವನ ಪಕ್ಕದಲ್ಲಿ, ನನ್ನವರು ಮತ್ತು ಮಾಮಿ ಹಿಂದೆ. ಬೀಗರ ಗಾಡಿಗಳು ಯಾವಾಗಲೋ ಮುಂದೆ ಹೋಗಿಬಿಟ್ಟಿದ್ದವು. ಚಿಕ್ಕೋಡಿ ದಾಟಿತು, ಕೃಷ್ಣೆಯ ಸೇತುವೆ ದಾಟಿತು, ಜೀಪು ಮಾತ್ರ ಗಬ್ಬದ ಎಮ್ಮೆಯ ಹಾಗೆ ನಡೆಯುತ್ತಿತ್ತು. ಅಂಗೈಯಗಲದ ತಗ್ಗಿಗೂ ಬ್ರೇಕು! ಅಥಣಿಯ ಹತ್ತಿರ ಒಂದು ಎತ್ತಿನ ಗಾಡಿ ಗಂಟೆ ಬಾರಿಸುತ್ತ ನಮ್ಮನ್ನು ಹಿಂದೆ ಹಾಕಿತು.

"ಮಾಮಾ, ಪಾಟಾ ಏನರ ಮುರದೈತೇನು?" ಎಂದೆ.

"ಇಲ್ಲ."

"ಮತ್ತ ಯಾಕ ಇಷ್ಟ ಸಾವಕಾಶ?"

ಹಿಂದಿನಿಂದ ಮಾಮಿ ಏನಾದರೂ ಅಂದಾಳೆಂದು ಕಾದೆ. ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಮಾಮಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಜೋರ ಹೊಡದ್ರ ಐಗಳಿ ಲಗೂ ಬರತೈತಲ್ಲ, ಯವ್ವಾ."