ಕಾಡಪ್ಪನವರ ಚೊಂಬಿಗೆ ಬೆಳಕು ಮಂಜೂರಾದದ್ದು

ಕೊಡಿಗೇಹಳ್ಳಿಯ ನಮ್ಮ ಬಡಾವಣೆಯಲ್ಲಿ ಸಂಘದ ಅನುಮತಿಯಿಲ್ಲದೆ ಯಾವ ಚಿತ್ರದಲ್ಲೂ ನೆರಳು ಬೀಳುವಂತಿಲ್ಲ. ಈ ನಿಯಮ ಹೋದ ತಿಂಗಳಿಂದ ಜಾರಿಯಲ್ಲಿದೆ. ಕಾರ್ಯದರ್ಶಿಯಾಗಿ ಅದನ್ನು ಬರೆದವನು ನಾನೇ ಎಂದು ತಿಳಿಸಲು ಹರ್ಷಿಸುತ್ತೇನೆ. ನಿವೃತ್ತಿಯಾದ ಮೇಲೆ ಇಂಥ ಕೆಲಸ ಸಿಗೋದು ಪುಣ್ಯ ಕಣ್ರೀ.

ಆದದ್ದಿಷ್ಟು. ರಾಜ್ಯೋತ್ಸವದ ಪ್ರದರ್ಶನಕ್ಕೆ ಕಾಡಪ್ಪನವರು ಒಂದು ಪೆನ್ಸಿಲ್ ಚಿತ್ರ ಕೊಟ್ಟರು. ಗದಗಿನ ಕಡೆಯವರು, ಇಲ್ಲೇ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಚಿತ್ರದಲ್ಲಿ ಕಿಟಕಿ ಪಕ್ಕದ ಮೇಜು, ಅದರ ಮೇಲೊಂದು ಹಿತ್ತಾಳೆ ಚೊಂಬು, ಎರಡು ಬದನೆಕಾಯಿ. ಗೆರೆಯ ಮೇಲೆ ಅಡ್ಡಗೆರೆ, ಅದರ ಮೇಲೆ ಓರೆಗೆರೆ ಎಳೆದು ನೆರಳು ತುಂಬಿದ್ದರು. ತುಂಬಿದ್ದರು ಅಂದರೆ, ಬದನೆಕಾಯಿ ಎಲ್ಲಿ ಮುಗಿದು ಕತ್ತಲೆ ಎಲ್ಲಿ ಶುರುವಾಗುತ್ತೆ ಅಂತ ಮುಟ್ಟಿ ನೋಡಬೇಕು, ಹಾಗೆ.

ವಿಮರ್ಶಾ ಉಪಸಮಿತಿ ಸೇರಿತು. ಅಧ್ಯಕ್ಷರು ದೊಡ್ಡಮುನಿಯಪ್ಪನವರು. ಬಡಾವಣೆ ಆಗೋ ಮುಂಚೆ ಇಲ್ಲಿ ಅವರ ರಾಗಿ ಹೊಲವಿತ್ತು, ಈಗ ಅದರಲ್ಲೇ ಬಿಲ್ಡಿಂಗ್ ಬೆಳೆಯುತ್ತಾರೆ. ಇನ್ನೊಬ್ಬ ಸದಸ್ಯರು ಅವರ ಇಂಜಿನಿಯರ್ ನಾಗಭೂಷಣ, ಪೆನ್ಸಿಲ್ ಹಿಡಿದ ಅನುಭವವಿದೆ ಎಂಬ ಕಾರಣಕ್ಕೆ.

“ಕೆಳಗೆ ಮಧ್ಯಾನ ಅಂತ ಬರ್ದಿದ್ದೀರ. ಇಂಗಿರ್ತದಾ ಮಧ್ಯಾನ?” ಎಂದರು ಅಧ್ಯಕ್ಷರು.

“ನಮ್ಮನ್ಯಾಗ ಹಿಂಗ ಇರ್ತದ್ರೀ,” ಎಂದರು ಕಾಡಪ್ಪ. “ಮೊದಲ ಆ ಕಿಟಕ್ಯಾಗ ಬಿಸಿಲು ಬೀಳತಿತ್ತು. ಇದನ್ನ ನೋಡಿಯಾದ್ರೂ ಯಾರರ ನನ್ನ ಬೆಳಕು ವಾಪಸ್ ಕೊಡಸ್ತಾರೇನ ಅಂತ ಬರದೇನ್ರೀ.”

ಚಿತ್ರ ಹಿಡಿದುಕೊಂಡೇ ಸ್ಥಳ ತನಿಖೆಗೆ ಹೋದೆವು. ಚೊಂಬು, ಬದನೆಕಾಯಿ ಇದ್ದಲ್ಲೇ ಇದ್ದವು. ಕಾಡಪ್ಪನವರ ಹೆಂಡತಿ ರತ್ನಕ್ಕ ಟಾರ್ಚ್ ಬಿಟ್ಟು ತೋರಿಸಿದರು. ಕಿಟಕಿಯಾಚೆ ಒಂದು ಗೇಣು ದೂರದಲ್ಲಿ ಅಧ್ಯಕ್ಷರ ಹೊಸ ಪಿಜಿ ಕಟ್ಟಡದ ಗೋಡೆ, ಐದಂತಸ್ತು. ನಾಗಭೂಷಣ ಕಿಟಕಿಯಿಂದಲೇ ಕೈ ಚಾಚಿ ಅದನ್ನು ಸವರಿ, ಪ್ಲಾಸ್ಟರಿಂಗ್ ಚೆನ್ನಾಗಿ ಬಂದಿದೆ ಎಂದು ಮೆಚ್ಚಿದರು. ಆಮೇಲೆ ಕಟ್ಟಡದ ನಕ್ಷೆ ಬಿಚ್ಚಿದರು.

“ನೋಡಿ ಸಾರ್, ಮಂಜೂರಾದ ನಕ್ಷೆ ಪ್ರಕಾರ ಇಲ್ಲಿ ಆರಡಿ ಖಾಲಿ ಜಾಗ ಇದೆ. ಆರಡಿ ಇದ್ಮೇಲೆ ಬೆಳಕು ಬಂದೇ ಬರುತ್ತೆ. ತಪ್ಪಿರೋದು ಇವರ ಡ್ರಾಯಿಂಗಲ್ಲಿ.”

“ಗ್ವಾಡಿ ಕಾಣವಲ್ದೇನ್ರೀ ನಿಮಗ?” ಎಂದರು ರತ್ನಕ್ಕ.

“ಈ ಕತ್ತಲೇಲಿ ಏನ್ ಕಾಣುತ್ತಮ್ಮ,” ಎಂದರು ನಾಗಭೂಷಣ.

ವಿಮರ್ಶೆಯನ್ನು ಅಲ್ಲೇ ನಿಂತು ಬರೆದೆ: “ಕಲಾವಿದರ ಕೈ ನುರಿತಿದೆ. ಆದರೆ ಚಿತ್ರದಲ್ಲಿನ ನೆರಳು ಅನಧಿಕೃತ. ಅಡ್ಡಗೆರೆಗಳನ್ನು ಕೂಡಲೇ ತೆರವುಗೊಳಿಸಿ, ಮಂಜೂರಾದ ನಕ್ಷೆಯಂತೆ ಬೆಳಕು ಒದಗಿಸತಕ್ಕದ್ದು. ತಪ್ಪಿದಲ್ಲಿ ಚಿತ್ರವನ್ನು ತೂಗುಹಾಕಲಾಗುವುದಿಲ್ಲ.”

ಕಾಡಪ್ಪ ಕಿಟಕಿಯಾಚೆ ಕೈ ಚಾಚಿ ಗೋಡೆ ತಟ್ಟಿದರು. “ಇದನ್ನ ಕೆಡವೋದಕ್ಕಿಂತ ಗೆರಿ ಅಳಸೋದು ಸಸಾರ ಬಿಡ್ರಿ,” ಎಂದು ರಬ್ಬರ್ ಹುಡುಕಿದರು. ಟಾರ್ಚ್ ಬೇಕಾಯಿತು.

ಚೊಂಬು ಹೊಳೆಯಿತು. ಬದನೆಕಾಯಿ ಬಾಡುವಷ್ಟು ಬಿಸಿಲು ಬಂತು. ಮೊದಲ ಬಹುಮಾನವೂ ಬಂತು.

ಅಷ್ಟರಲ್ಲಿ, ಬೆಳಕಿನ ಬಗ್ಗೆ ಕಾಡಪ್ಪ ಹಿಂದೆಂದೋ ಕೊಟ್ಟಿದ್ದ ದೂರಿನ ಮೇಲೆ ಪಾಲಿಕೆಯ ಅಧಿಕಾರಿಯೊಬ್ಬರು ತನಿಖೆಗೆ ಬಂದರು. ಅವರನ್ನು ಮನೆವರೆಗೆ ಸುಮ್ಮನೆ ಯಾಕೆ ನಡೆಸೋದು ಅಂತ ಅಧ್ಯಕ್ಷರು ಸಂಘದ ಸಭಾಂಗಣದಲ್ಲೇ ಕಾಫಿ ಕೊಟ್ಟು ಚಿತ್ರ ತೋರಿಸಿದರು. ಅಧಿಕಾರಿ ಹಣೆಗೆ ಕೈ ಅಡ್ಡ ಹಿಡಿದು ನೋಡಿ, “ಬೆಳಕು ಸಮೃದ್ಧವಾಗಿದೆ, ದೂರುದಾರರದೇ ಸಹಿ ಇದೆ” ಎಂದು ಷರಾ ಬರೆದು ಹೋದರು.

ರತ್ನಕ್ಕ ಈಗ ಅಕ್ಕಿ ಆರಿಸಲು ಮೊರ ಹಿಡಿದು ಸಭಾಂಗಣಕ್ಕೆ ಬಂದು ಆ ಚಿತ್ರದ ಕೆಳಗೆ ಕೂರುತ್ತಾರೆ. ಮನೇಲಿ ಬೆಳಕಿಲ್ವೇನಮ್ಮ ಅಂತ ಯಾರಾದರೂ ಕೇಳಿದರೆ, “ಐತಲ್ರೀ, ಇಲ್ಲೇ ತೂಗು ಹಾಕ್ಯಾರ,” ಅಂತಾರೆ.

ಮೊನ್ನೆ ನಮ್ಮ ಮನೆ ಪಕ್ಕದ ಸೈಟಿಗೂ ದೊಡ್ಡಮುನಿಯಪ್ಪನವರು ಗುದ್ದಲಿ ಪೂಜೆ ಮಾಡಿದರು. ಪ್ರಸಾದ ಬಹಳ ಚೆನ್ನಾಗಿತ್ತು. ಈ ವಯಸ್ಸಿನಲ್ಲಿ ನಾನೂ ಚಿತ್ರಕಲೆ ಶುರು ಮಾಡಿದ್ದೇನೆ. ಪೆನ್ಸಿಲ್ ಇನ್ನೂ ಕೊಂಡಿಲ್ಲ, ರಬ್ಬರ್ ಕೊಂಡಾಗಿದೆ.